ಮೂಸೆಯೊಳಗೆ ಉಕ್ಕು, ಹೊರಗೆ ಹೊಟ್ಟು ಬೆರೆತ ಮಣ್ಣು: ಶಿರಾ ಸೀಮೆಯನ್ನು ಕಂಡ ಬುಕನನ್

ತಾವರೆಕೆರೆ (ಶಿರಾ ತಾಲ್ಲೂಕು): ಶಿರಾದಿಂದ ಹಿರಿಯೂರಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಗುವ ಊರು ತಾವರೆಕೆರೆ. ಇದೇ ಹಾದಿಯಲ್ಲಿ ಮುಂದುವರಿದರೆ ಚಿತ್ರದುರ್ಗದ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಆ ಯಂತ್ರದ ಕಂಬ ಉಕ್ಕಿನದು. ರೆಕ್ಕೆ ಗಾಜಿನ ನಾರು ಮತ್ತು ರಾಳ ಸೇರಿ ಆದದ್ದು. ಎರಡೂ ಬೆರಕೆಯ ವಸ್ತುಗಳೇ. ಆದರೆ ಮೊದಲನೆಯದು ಮಿಶ್ರಲೋಹ, ಎರಡನೆಯದು ಸಂಯೋಜಿತ ವಸ್ತು, ಅಂದರೆ ಎಂಜಿನಿಯರುಗಳ ಮಾತಿನಲ್ಲಿ ಕಾಂಪೋಸಿಟ್. ಈ ಎರಡರ ನಡುವಣ ವ್ಯತ್ಯಾಸವನ್ನು ಇಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠವಾಗಿ ಹೇಳಿಕೊಡುತ್ತಾರೆ. ಸುಮಾರು ಎರಡೂಕಾಲು ಶತಮಾನದ ಹಿಂದೆ ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯ ಕಮ್ಮಾರರು ಈ ಎರಡೂ ಬಗೆಯ ವಸ್ತುಗಳನ್ನು ಒಂದೇ ಕುಲುಮೆಯ ಮುಂದೆ ಕುಳಿತು ತಯಾರಿಸುತ್ತಿದ್ದರು. ಅದನ್ನು ಕಣ್ಣಾರೆ ಕಂಡು, ತೂಕ-ಅಳತೆಗಳ ಸಮೇತ ಬರೆದಿಟ್ಟವನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್.

ಕರ್ನಾಟಕದ ಇತಿಹಾಸ ಬರೆಯುವವರಾರೂ ಬುಕನನ್‌ನ ಪ್ರವಾಸ ಕಥನವನ್ನು ಬದಿಗಿಡಲಾರರು. ಬೆಳೆ, ಕಂದಾಯ, ಜಾತಿ, ದೇವಸ್ಥಾನ, ಸಂತೆ, ನೇಯ್ಗೆ, ಕೆರೆ, ಬರ ಎಲ್ಲಕ್ಕೂ ಆತ ಸಾಕ್ಷಿ. ಲೋಹವಿದ್ಯೆಗೂ ಆತನೇ ಸಾಕ್ಷಿ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ವೈದ್ಯನ ಮಗ ವೈದ್ಯ

ಬುಕನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ತಂದೆ ಥಾಮಸ್ ಬುಕನನ್ ವೈದ್ಯ. ತಾಯಿ ಎಲಿಜಬೆತ್ ಹ್ಯಾಮಿಲ್ಟನ್ ಬಾರ್ಡೋವಿ ಎಂಬ ಎಸ್ಟೇಟಿನ ವಾರಸುದಾರಳು. ಹಿರಿಯ ಮಗನಲ್ಲದ ಕಾರಣ ಆಸ್ತಿಯ ನಿರೀಕ್ಷೆ ಇರಲಿಲ್ಲ, ದುಡಿದೇ ಬದುಕಬೇಕಿತ್ತು. ಗ್ಲಾಸ್ಗೋದಲ್ಲಿ 1779ರಲ್ಲಿ ಎಂ.ಎ. ಮುಗಿಸಿ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1783ರಲ್ಲಿ ವೈದ್ಯಕೀಯ ಪದವಿ ಪಡೆದ. ಅಲ್ಲಿ ಜಾನ್ ಹೋಪ್ ಎಂಬ ಗುರುವಿನಿಂದ ಕಲಿತ ಸಸ್ಯಶಾಸ್ತ್ರ ಆತನ ಜೀವಮಾನದ ಹವ್ಯಾಸವಾಯಿತು. ಆ ದಿನಗಳ ಎಡಿನ್‌ಬರೋ ಯುರೋಪಿನ ವಿಜ್ಞಾನ ಕೇಂದ್ರಗಳಲ್ಲಿ ಒಂದು. ರಸಾಯನಶಾಸ್ತ್ರದ ಪೀಠದಲ್ಲಿ ಜೋಸೆಫ್ ಬ್ಲ್ಯಾಕ್ ಇದ್ದ ಕಾಲವದು.

ಆಗ ಕಬ್ಬಿಣಕ್ಕೂ ಉಕ್ಕಿಗೂ ಇರುವ ಭೇದವೇನೆಂಬುದು ಯುರೋಪಿನ ಪಂಡಿತರಿಗೇ ಹೊಸ ವಿಷಯ. ಸ್ವೀಡನ್ನಿನ ಟೋರ್ಬೆರ್ನ್ ಬೆರ್ಗ್‌ಮನ್ 1781ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಮತ್ತು ಫ್ರಾನ್ಸಿನ ಮೂವರು ವಿಜ್ಞಾನಿಗಳು 1786ರಲ್ಲಿ ಮಂಡಿಸಿದ ಪ್ರಬಂಧದ ತರುವಾಯವೇ ಉಕ್ಕಿನ ಗುಟ್ಟು ಇಂಗಾಲದಲ್ಲಿದೆ ಎಂಬುದು ಖಚಿತವಾಯಿತು. ಅಂದರೆ ಬುಕನನ್ ಮೈಸೂರಿಗೆ ಬರುವ ಹೊತ್ತಿಗೆ ಆ ತಿಳಿವಳಿಕೆಗೆ ಇನ್ನೂ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.

ಪದವಿಯ ನಂತರ ಬುಕನನ್ ಹಡಗುಗಳಲ್ಲಿ ವೈದ್ಯನಾಗಿ ದುಡಿದ. ಅನಾರೋಗ್ಯದಿಂದ ಕೆಲ ವರ್ಷ ಮನೆಯಲ್ಲೇ ಕಳೆದ. ಕೊನೆಗೆ 1794ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳ ವೈದ್ಯಕೀಯ ಸೇವೆಗೆ ಸೇರಿದ. ಮರುವರ್ಷವೇ ಮೈಕೆಲ್ ಸೈಮ್ಸ್ ನೇತೃತ್ವದ ನಿಯೋಗದ ವೈದ್ಯನಾಗಿ ಬರ್ಮಾದ ಆವಾ ರಾಜ್ಯಕ್ಕೆ ಹೋಗಿಬಂದ. ರೋಗಿಗಳ ಆರೈಕೆಯ ಜೊತೆಗೆ ಗಿಡಮರಗಳನ್ನೂ ಜನರ ಆಚಾರ ವಿಚಾರಗಳನ್ನೂ ಬರೆದಿಟ್ಟ. 1798ರಲ್ಲಿ ಚಿತ್ತಗಾಂಗ್ ಸೀಮೆಯನ್ನು ಸುತ್ತಿದ. ಕಂಡದ್ದನ್ನು ಬಿಡದೆ ಬರೆಯುವ ಈ ಅಭ್ಯಾಸ ಕಲ್ಕತ್ತೆಯ ಅಧಿಕಾರಿಗಳ ಗಮನ ಸೆಳೆಯಿತು.

ಸೋತ ರಾಜ್ಯದ ಲೆಕ್ಕ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸುಲ್ತಾನ್ ಮಡಿದ. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದರು, ಪೂರ್ಣಯ್ಯ ದಿವಾನರಾದರು. ಗೆದ್ದುಕೊಂಡ ನೆಲದಲ್ಲಿ ಏನೇನಿದೆ ಎಂದು ತಿಳಿಯುವ ತವಕ ಕಂಪೆನಿಯದು. ಗವರ್ನರ್ ಜನರಲ್ ವೆಲ್ಲೆಸ್ಲಿ 1800ರ ಫೆಬ್ರವರಿಯಲ್ಲಿ ಬುಕನನ್‌ಗೆ ಆದೇಶ ನೀಡಿದ. ಬೇಸಾಯವೇ ಮುಖ್ಯ, ಜೊತೆಗೆ ಜಾನುವಾರು, ಜಮೀನಿನ ಹಕ್ಕು, ಕೈಗಾರಿಕೆ, ವ್ಯಾಪಾರ, ಗಣಿ ಮತ್ತು ಖನಿಜಗಳ ಬಗ್ಗೆಯೂ ವಿಚಾರಿಸಬೇಕೆಂಬುದು ಆದೇಶದ ಸಾರ.

ಏಪ್ರಿಲ್ 23ರಂದು ಬುಕನನ್ ಮದ್ರಾಸಿನಿಂದ ಹೊರಟ. ಆಗ ಅವನಿಗೆ 38 ವರ್ಷ. ಕನ್ನಡ ಬಾರದು. ಊರೂರಿನಲ್ಲಿ ರೈತರು, ವರ್ತಕರು, ಕುಶಲಕರ್ಮಿಗಳನ್ನು ಕರೆಸಿ ದುಭಾಷಿಗಳ ಮೂಲಕ ಪ್ರಶ್ನೆ ಕೇಳಿಸುತ್ತಿದ್ದ. ಸಿಕ್ಕ ಉತ್ತರವನ್ನು ಅದೇ ದಿನ ದಿನಚರಿಗೆ ಇಳಿಸುತ್ತಿದ್ದ. ಎದುರಿಗೆ ಬಂದು ನಿಂತವರಿಗೆ ಈತ ಕಂಪೆನಿಯ ಸಾಹೇಬ. ಕಂದಾಯ ಹೆಚ್ಚಿಸಲು ಬಂದವನೋ ಏನೋ ಎಂಬ ಭಯ ಸಹಜವಾಗಿಯೇ ಇತ್ತು. ಆದ್ದರಿಂದ ಆತನಿಗೆ ಸಿಕ್ಕ ಅಂಕಿಗಳೆಲ್ಲ ನಿಖರವೆನ್ನಲಾಗದು. ಇಲ್ಲಿನ ಹಲವು ಪದ್ಧತಿಗಳನ್ನು ಇಂಗ್ಲೆಂಡಿನ ಅಳತೆಗೋಲಿನಿಂದ ಅಳೆದು ಒರಟೆಂದು ಬರೆದದ್ದೂ ಉಂಟು. ಆದರೆ ಕೆಲಸ ನಡೆಯುವುದನ್ನು ಕಣ್ಣಿಂದ ಕಂಡು ಬರೆದ ಕಡೆ ಬುಕನನ್‌ನ ದಾಖಲೆ ಗಟ್ಟಿಯಾದುದು. ಕಬ್ಬಿಣ ಮತ್ತು ಉಕ್ಕಿನ ವಿವರಗಳು ಆ ಬಗೆಯವು.

1800ರ ಮಳೆಗಾಲದಲ್ಲಿ ಆತ ಮಧುಗಿರಿ, ಶಿರಾ ಸೀಮೆಯಲ್ಲಿದ್ದ. 1687ರ ನಂತರ ಮೊಘಲರ ಸುಬಾದ ರಾಜಧಾನಿಯಾಗಿ, ಆಮೇಲೆ ಹೈದರನ ವಶಕ್ಕೆ ಬಂದು ಮೆರೆದಿದ್ದ ಶಿರಾ ಆಗ ಸೊರಗಿತ್ತು. ಮರಾಠರ ದಂಡಯಾತ್ರೆಗಳು ಊರನ್ನು ಹಣ್ಣುಮಾಡಿದ್ದವು. ಶ್ರೀರಂಗಪಟ್ಟಣದ ಬಳಿಯ ಗಂಜಾಂ ಪೇಟೆಯನ್ನು ತುಂಬಿಸಲು ಟಿಪ್ಪು ಇಲ್ಲಿಂದ ಸಾವಿರಾರು ಕುಟುಂಬಗಳನ್ನು ಎತ್ತಿ ಸಾಗಿಸಿದ್ದ. ಬುಕನನ್ ಕಂಡದ್ದು ಪಾಳು ಮನೆಗಳ ನಡುವೆ ಮತ್ತೆ ಬದುಕು ಕಟ್ಟಿಕೊಳ್ಳುತ್ತಿದ್ದ ಪಟ್ಟಣವನ್ನು.

ಹಳ್ಳದ ಕರಿಮರಳು

ಮಧುಗಿರಿ ಮತ್ತು ಚನ್ನರಾಯನದುರ್ಗದ ಸುತ್ತಮುತ್ತ ಕಬ್ಬಿಣದ ಕೆಲಸ ಮಾತ್ರ ನಡೆದೇ ಇತ್ತು. ಇಲ್ಲಿ ಅದಿರನ್ನು ಅಗೆಯುವ ಗೋಜಿಲ್ಲ. ಮಳೆ ಬಿದ್ದಾಗ ಬೆಟ್ಟದಿಂದ ಇಳಿಯುವ ಹಳ್ಳಗಳು ಕರಿಮರಳನ್ನು ತರುತ್ತವೆ. ಅದು ಕಬ್ಬಿಣದ ಆಕ್ಸೈಡು. ಸಾಧಾರಣ ಮರಳಿಗಿಂತ ಭಾರ, ಆದ್ದರಿಂದ ನೀರಿನಲ್ಲಿ ತೊಳೆದರೆ ಹಗುರಾದ ಮರಳು ಹರಿದುಹೋಗಿ ಕರಿಮರಳು ತಳದಲ್ಲಿ ಉಳಿಯುತ್ತದೆ. ಇದನ್ನು ಇದ್ದಿಲಿನೊಡನೆ ಮಣ್ಣಿನ ಕುಲುಮೆಗೆ ಹಾಕಿ, ಚರ್ಮದ ತಿದಿ ಒತ್ತಿ ಗಾಳಿ ಕೊಡುತ್ತಿದ್ದರು. ಕುಲುಮೆಯ ಆಕಾರ, ಕೆಲಸಗಾರರ ಕೂಲಿ, ವರ್ತಕರು ಕೊಡುವ ಮುಂಗಡ, ಇದ್ದಿಲಿನ ಖರ್ಚು ಎಲ್ಲವನ್ನೂ ಬುಕನನ್ ಬರೆದುಕೊಂಡ.

ಇಲ್ಲಿ ಒಂದು ಸೂಕ್ಷ್ಮವಿದೆ. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು. ಹಳ್ಳಿಯ ಕುಲುಮೆ ಅಷ್ಟು ಕಾಯುವುದಿಲ್ಲ. ಹೀಗಾಗಿ ಕಬ್ಬಿಣ ಕರಗದೆ ಸ್ಪಂಜಿನಂಥ ಮುದ್ದೆಯಾಗಿ ಕೂಡಿಕೊಳ್ಳುತ್ತದೆ. ಕರಗುವುದು ಕಿಟ್ಟ ಮಾತ್ರ. ಮುದ್ದೆಯನ್ನು ಹೊರಗೆಳೆದು ಬಡಿದಾಗ ಹೆಚ್ಚಿನ ಕಿಟ್ಟ ಸಿಡಿದು ಹೋಗುತ್ತದೆ. ಸ್ವಲ್ಪ ಒಳಗೇ ಉಳಿದು, ಬಡಿತಕ್ಕೆ ಸಿಕ್ಕಿ ಎಳೆಎಳೆಯಾಗಿ ಹಿಗ್ಗುತ್ತದೆ. ಅಂಥ ಕಬ್ಬಿಣವನ್ನು ಮುರಿದು ನೋಡಿದರೆ ಮರದ ಸೀಳಿನಂತೆ ನಾರು ಕಾಣುವುದು ಇದರಿಂದಲೇ. ಕಬ್ಬಿಣ ಕಬ್ಬಿಣವಾಗಿಯೇ, ಕಿಟ್ಟ ಕಿಟ್ಟವಾಗಿಯೇ ಉಳಿದು, ಒಂದರೊಳಗೊಂದು ಹೆಣೆದುಕೊಂಡಿರುವ ಈ ಲೋಹವನ್ನು ಇಂದಿನ ಲೋಹತಜ್ಞರು ಒಂದು ಬಗೆಯ ಸಂಯೋಜಿತ ವಸ್ತು ಎಂದೇ ಪರಿಗಣಿಸುತ್ತಾರೆ. ನೇಗಿಲಿನ ಗುಳ, ಕುಡುಗೋಲು, ಗಾಡಿಯ ಚಕ್ರದ ಪಟ್ಟಿಗೆ ಇದು ಸಾಕು. ಕಲ್ಲು ಒಡೆಯುವ ಉಳಿಗೆ ಸಾಲದು.

ಮೂಸೆಯ ಗುಟ್ಟು

ಉಳಿಗೆ ಬೇಕಾದದ್ದು ಉಕ್ಕು. ಅದರ ತಯಾರಿಕೆಯನ್ನು ಬುಕನನ್ ಹಂತ ಹಂತವಾಗಿ ವಿವರಿಸಿದ್ದಾನೆ. ಶಂಕುವಿನಾಕಾರದ, ಸುಡದ ಮಣ್ಣಿನ ಮೂಸೆಗಳು. ಪ್ರತಿಯೊಂದರಲ್ಲಿ ಬೆಣೆಯಂತೆ ಕಡಿದ ಒಂದು ಕಬ್ಬಿಣದ ತುಂಡು. ಅದರ ಜೊತೆಗೆ ಮೂರು ರೂಪಾಯಿ ತೂಕದ, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 35 ಗ್ರಾಂ ತಂಗಡಿ ಕಡ್ಡಿ ಮತ್ತು ಒಂದು ಬಳ್ಳಿಯ ಎರಡು ಹಸಿರು ಎಲೆ. ಬಾಯಿಗೆ ಮಣ್ಣಿನ ಮುಚ್ಚಳವಿಟ್ಟು, ಸಂದುಗಳನ್ನು ಮಣ್ಣಿನಿಂದ ಮೆತ್ತಿ, ಮೂಸೆಗಳನ್ನು ಇದ್ದಿಲಿನ ನಡುವೆ ಜೋಡಿಸಿ ಗಂಟೆಗಟ್ಟಲೆ ತಿದಿ ಒತ್ತುತ್ತಿದ್ದರು.

ತಂಗಡಿ ಬಯಲುಸೀಮೆಯವರಿಗೆ ಹೊಸದಲ್ಲ. ಹೊಲದ ಬದು, ರಸ್ತೆಯಂಚಿನಲ್ಲಿ ಹಳದಿ ಹೂ ಬಿಡುವ ಗಿಡ. ಆವರಿಕೆ ಎಂದೂ ಕರೆಯುತ್ತಾರೆ. ತೊಗಟೆಯನ್ನು ಚರ್ಮ ಹದಮಾಡಲು ಬಳಸುತ್ತಿದ್ದರು. ಮೂಸೆಯೊಳಗೆ ಅದರ ಕೆಲಸ ಬೇರೆ. ಮುಚ್ಚಿದ ಮೂಸೆಯಲ್ಲಿ ಕಡ್ಡಿ ಉರಿಯದೆ ಇದ್ದಿಲಾಗುತ್ತದೆ. ಆ ಇಂಗಾಲ ಕಾದ ಕಬ್ಬಿಣದೊಳಕ್ಕೆ ಇಳಿಯುತ್ತದೆ. ಇಂಗಾಲ ಸೇರಿದಂತೆಲ್ಲ ಕಬ್ಬಿಣ ಕರಗುವ ಉಷ್ಣತೆ ಕೆಳಗಿಳಿಯುತ್ತ ಬರುತ್ತದೆ. ಶುದ್ಧ ಕಬ್ಬಿಣವನ್ನು ಕರಗಿಸಲಾಗದ ಬೆಂಕಿಯೇ ನೂರಕ್ಕೆ ಒಂದರಿಂದ ಎರಡು ಪಾಲು ಇಂಗಾಲವುಳ್ಳ ಉಕ್ಕನ್ನು ಕರಗಿಸಿಬಿಡುತ್ತದೆ. ಕರಗಿದೊಡನೆ ಎಳೆಎಳೆಯಾಗಿದ್ದ ಕಿಟ್ಟ ಹಗುರಾದ ಕಾರಣ ಮೇಲೆ ತೇಲಿ ಬೇರೆಯಾಗುತ್ತದೆ. ತಳದಲ್ಲಿ ಉಳಿಯುವುದು ಏಕರೂಪದ ಉಕ್ಕಿನ ಗಟ್ಟಿ.

ಮೂಸೆ ಒಡೆದಾಗ ಗಟ್ಟಿಯ ಮೇಲ್ಮೈಯಲ್ಲಿ ಹರಳುಗಟ್ಟಿದ ಗುರುತು ಕಂಡರೆ ಲೋಹ ಪೂರ್ತಿ ಕರಗಿದೆ ಎಂದರ್ಥ. ಈ ಗುರುತನ್ನು ಬುಕನನ್ ತಪ್ಪದೆ ಗಮನಿಸಿದ. ಕೆಲವು ಮೂಸೆಗಳಲ್ಲಿ ಕರಗುವಿಕೆ ಅರ್ಧಕ್ಕೆ ನಿಂತು, ಬಂದ ಲೋಹ ಸಾಮಾನ್ಯ ಕಬ್ಬಿಣಕ್ಕಿಂತ ಹೆಚ್ಚೇನೂ ಇರುತ್ತಿರಲಿಲ್ಲ ಎಂದೂ ಬರೆದ. ಒಳ್ಳೆಯ ಗಟ್ಟಿಗಳು ಕಲ್ಲುಕುಟಿಗರ ಉಳಿಗೆ, ಕತ್ತಿಗೆ, ವಾದ್ಯಗಳ ತಂತಿಗೆ ಹೋಗುತ್ತಿದ್ದವು. ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಗೆ ಭಾರತದ ದೂರದ ಭಾಗಗಳಿಂದಲೂ ಬೇಡಿಕೆಯಿತ್ತು.

ಇನ್ನು ಮೂಸೆಯ ಮಣ್ಣಿನ ವಿಚಾರ. ದಕ್ಷಿಣ ಭಾರತದ ಹಳೆಯ ಉಕ್ಕಿನ ನೆಲೆಗಳಲ್ಲಿ ದೊರೆತ ಮೂಸೆಯ ಚೂರುಗಳನ್ನು ಪರೀಕ್ಷಿಸಿದ ತಜ್ಞರು ಅವುಗಳಲ್ಲಿ ಭತ್ತದ ಹೊಟ್ಟಿನ ಗುರುತನ್ನು ಕಂಡಿದ್ದಾರೆ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರ ಅಧ್ಯಯನಗಳು ಈ ವಿಷಯದಲ್ಲಿ ಹೆಸರಾದವು. ಬರಿಯ ಜೇಡಿಮಣ್ಣು ಬೆಂಕಿಯಲ್ಲಿ ಸೀಳುತ್ತದೆ. ಹೊಟ್ಟು ಬೆರೆತ ಮಣ್ಣು ಸೀಳುವುದಿಲ್ಲ. ಹೊಟ್ಟು ಸುಟ್ಟು ಕರಿಯಾದರೂ ಅದರೊಳಗಿನ ಸಿಲಿಕಾ ಮತ್ತು ಇಂಗಾಲ ಉಳಿದು ಮಣ್ಣನ್ನು ಹಿಡಿದಿಡುತ್ತವೆ. ಗೋಡೆ ಕಟ್ಟುವ ಮಣ್ಣಿಗೆ ಹುಲ್ಲು ತುಳಿದು ಸೇರಿಸುವುದರ ಹಿಂದಿನ ತಿಳಿವಳಿಕೆಯೇ ಇಲ್ಲಿಯೂ ಇದೆ. ಹೀಗೆ ಇಂಥ ಮೂಸೆಯೊಂದರಲ್ಲಿ ಒಳಗಿರುವುದು ಮಿಶ್ರಲೋಹ, ಹೊರಗಿನ ಕವಚ ಸಂಯೋಜಿತ ವಸ್ತು.

ಪಾನಕ ಮತ್ತು ಕಡಲೆಕಾಯಿ ಮಿಠಾಯಿ

ಈ ಎರಡರ ಭೇದ ತಿಳಿಯಲು ಅಡುಗೆಮನೆಯೇ ಸಾಕು. ಬೆಲ್ಲವನ್ನು ನೀರಿಗೆ ಹಾಕಿ ಕರಗಿಸಿದರೆ ಪಾನಕ. ಪ್ರತಿ ಹನಿಯೂ ಒಂದೇ ರುಚಿ. ಬೆಲ್ಲವೆಲ್ಲಿ, ನೀರೆಲ್ಲಿ ಎಂದು ಬೆರಳಿಟ್ಟು ತೋರಿಸಲಾಗದು. ಪಾವಗಡ, ಶಿರಾ ಕಡೆಯ ಮುಖ್ಯ ಬೆಳೆಯಾದ ಕಡಲೆಕಾಯಿಯ ಬೀಜವನ್ನು ಬೆಲ್ಲದ ಪಾಕಕ್ಕೆ ಹಾಕಿ ತಟ್ಟಿದರೆ ಮಿಠಾಯಿ. ಬೀಜ ಬೀಜವಾಗಿಯೇ ಇದೆ, ಬೆಲ್ಲ ಬೆಲ್ಲವಾಗಿಯೇ ಇದೆ, ನಡುವಣ ಗೆರೆ ಕಣ್ಣಿಗೆ ಕಾಣುತ್ತದೆ. ಆದರೂ ಎರಡೂ ಸೇರಿ ಒಂದು ತಿನಿಸು.

ಮಿಶ್ರಲೋಹ ಪಾನಕದಂತೆ. ಒಂದು ಲೋಹದೊಂದಿಗೆ ಮತ್ತೊಂದು ಲೋಹವನ್ನೋ ಇಂಗಾಲದಂಥ ಅಲೋಹವನ್ನೋ ಸಾಮಾನ್ಯವಾಗಿ ಕರಗಿಸಿ ಬೆರೆಸಿದಾಗ ಅಣುಗಳ ಮಟ್ಟದಲ್ಲೇ ಬೆರಕೆ ನಡೆಯುತ್ತದೆ. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ, ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು, ಅದಕ್ಕೆ ನೂರಕ್ಕೆ ಹತ್ತಕ್ಕೂ ಹೆಚ್ಚು ಪಾಲು ಕ್ರೋಮಿಯಂ ಸೇರಿದರೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲು. ಹುಟ್ಟಿದ ವಸ್ತು ಲೋಹವಾಗಿಯೇ ವರ್ತಿಸುತ್ತದೆ. ಹೊಳೆಯುತ್ತದೆ, ವಿದ್ಯುತ್ತನ್ನು ಹರಿಸುತ್ತದೆ, ಮತ್ತೆ ಕರಗಿಸಿ ಎರಕ ಹೊಯ್ಯಬಹುದು. ಯಾವ ದಿಕ್ಕಿನಿಂದ ಎಳೆದರೂ ಅದರ ಬಲ ಹೆಚ್ಚುಕಡಿಮೆ ಒಂದೇ.

ಸಂಯೋಜಿತ ವಸ್ತು ಮಿಠಾಯಿಯಂತೆ. ಒಂದು ಹಿಡಿದಿಡುವ ಅಂಟು, ಇನ್ನೊಂದು ಬಲ ಕೊಡುವ ನಾರು ಅಥವಾ ಕಣ. ಎರಡೂ ತಮ್ಮ ಗುಣ ಕಳೆದುಕೊಳ್ಳುವುದಿಲ್ಲ. ಇಲ್ಲಿ ಲೋಹವಿರಲೇಬೇಕೆಂಬ ನಿಯಮವೂ ಇಲ್ಲ. ಕಾಂಕ್ರೀಟಿನೊಳಗಿನ ಉಕ್ಕಿನ ಸರಳು, ರಾಳದೊಳಗಿನ ಗಾಜಿನ ನಾರು, ಪ್ಲೈವುಡ್ಡಿನ ಪದರಗಳು ಎಲ್ಲವೂ ಈ ಜಾತಿಗೆ ಸೇರಿದವು. ನಾರು ಸಾಗಿದ ದಿಕ್ಕಿನಲ್ಲಿ ಬಲ ಹೆಚ್ಚು, ಅಡ್ಡ ದಿಕ್ಕಿನಲ್ಲಿ ಕಡಿಮೆ. ಎಲ್ಲಿ ಭಾರ ಬೀಳುವುದೋ ಆ ದಿಕ್ಕಿಗೆ ನಾರು ಹಾಕಿ, ಉಳಿದೆಡೆ ತೂಕ ಉಳಿಸಬಹುದು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇಂಥ ವಸ್ತುಗಳೇ ಇರುವುದು ಈ ಕಾರಣಕ್ಕೆ. ಹೆಲಿಕಾಪ್ಟರುಗಳಲ್ಲಿಯೂ ಇದೇ ಹಂಚಿಕೆ: ತಿರುಗುವ ರೆಕ್ಕೆಗೆ ನಾರಿನ ಸಂಯೋಜಿತ ವಸ್ತು, ಕೆಂಪಗೆ ಕಾಯುವ ಎಂಜಿನ್ನಿಗೆ ಮಿಶ್ರಲೋಹ. ಇದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು.

ತೊಂದರೆಯೂ ಇದೆ. ಹಳೆಯ ಉಕ್ಕನ್ನು ಗುಜರಿಗೆ ಹಾಕಿದರೆ ಮತ್ತೆ ಕರಗಿ ಹೊಸ ಉಕ್ಕಾಗುತ್ತದೆ. ಆಯುಸ್ಸು ಮುಗಿದ ಗಾಳಿಯಂತ್ರದ ರೆಕ್ಕೆಯಲ್ಲಿ ನಾರನ್ನೂ ರಾಳವನ್ನೂ ಬೇರ್ಪಡಿಸುವುದು ಕಷ್ಟ, ದುಬಾರಿ. ಇದು ಇಡೀ ಜಗತ್ತಿನ ಪವನ ವಿದ್ಯುತ್ ಉದ್ಯಮ ಎದುರಿಸುತ್ತಿರುವ ಪ್ರಶ್ನೆ.

ಉಕ್ಕಿನ ಒಡಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ವಿಂಗಡಣೆ ಸ್ವಲ್ಪ ಗೊಂದಲಕ್ಕೀಡಾಗುತ್ತದೆ. ಅಲ್ಲಿ ಮೆದು ಕಬ್ಬಿಣದ ಪದರ ಮತ್ತು ಗಡುಸಾದ ಕಬ್ಬಿಣ-ಇಂಗಾಲದ ಪದರ ಒಂದಾದ ಮೇಲೊಂದು ಜೋಡಣೆಯಾಗಿರುತ್ತವೆ. ನೋಡಲು ಸಂಯೋಜಿತ ವಸ್ತುವಿನಂತೆಯೇ. ಆದರೂ ಉಕ್ಕನ್ನು ಮಿಶ್ರಲೋಹವೆಂದೇ ಕರೆಯುತ್ತಾರೆ. ಏಕೆಂದರೆ ಆ ಪದರಗಳನ್ನು ಯಾರೂ ಹೊರಗಿನಿಂದ ತಂದು ಜೋಡಿಸಿದ್ದಲ್ಲ. ಒಂದೇ ಆಗಿದ್ದ ಲೋಹ ತಣಿಯುವಾಗ ತಾನಾಗಿಯೇ ಒಳಗೊಳಗೆ ಬೇರ್ಪಟ್ಟದ್ದು. ಬೆರಕೆ ಹೇಗೆ ಹುಟ್ಟಿತು ಎಂಬುದೇ ಇಲ್ಲಿ ನಿರ್ಣಾಯಕ. ಮೂಸೆಯ ಉಕ್ಕಿನಿಂದ ಬಡಿದ ಡಮಾಸ್ಕಸ್ ಕತ್ತಿಗಳ ಮೇಲೆ ಕಾಣುವ ನೀರಿನ ಅಲೆಯಂಥ ಚಿತ್ತಾರಕ್ಕೂ ಈ ಗಡುಸು ಕಣಗಳ ಸಾಲುಗಳೇ ಕಾರಣ.

ಲಂಡನ್ನಿನ ಕುತೂಹಲ

ದಕ್ಷಿಣ ಭಾರತದ ಈ ಉಕ್ಕಿನ ಸುದ್ದಿ ಬುಕನನ್‌ಗಿಂತ ಮೊದಲೇ ಇಂಗ್ಲೆಂಡ್ ಮುಟ್ಟಿತ್ತು. ಮುಂಬಯಿಯಿಂದ ವೈದ್ಯ ಹೆಲೆನಸ್ ಸ್ಕಾಟ್ ಕಳಿಸಿದ ಮಾದರಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಬರೆದಿದ್ದ. ಆದರೆ ಅದು ಸಿದ್ಧವಸ್ತುವಿನ ಪರೀಕ್ಷೆ. ಅದನ್ನು ತಯಾರಿಸುವ ಬಗೆ ಹೇಗೆ, ಎಷ್ಟು ಖರ್ಚು, ಯಾವ ಕಡ್ಡಿ, ಯಾವ ಎಲೆ ಎಂಬ ವಿವರಗಳನ್ನು ಇಂಗ್ಲಿಷ್ ಓದುಗರಿಗೆ ಒದಗಿಸಿದ ಮೊದಲ ದಾಖಲೆಗಳಲ್ಲಿ ಬುಕನನ್‌ನದು ಪ್ರಮುಖವಾದುದು.

ಆತನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮದ್ರಾಸಿನಿಂದ ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಮೂಲಕ ಕೈಗೊಂಡ ಪ್ರಯಾಣವೆಂಬ ಅರ್ಥದ ಉದ್ದನೆಯ ಶೀರ್ಷಿಕೆ. ತಿದ್ದಿ ಅಡಕಗೊಳಿಸುವ ಅವಕಾಶವಿಲ್ಲದೆ ದಿನಚರಿಯ ರೂಪದಲ್ಲೇ ಪ್ರಕಟವಾದ ಕಾರಣ ಓದಲು ಭಾರವಾದ ಗ್ರಂಥ. ಚದುರಿದ ವಿವರಗಳು ಹಾಗೆಯೇ ಉಳಿದದ್ದರಿಂದಲೇ ಇಂದಿನವರಿಗೆ ಅದು ಹೆಚ್ಚು ಉಪಯುಕ್ತ.

ಮುಂದೆ ಮೈಕೆಲ್ ಫ್ಯಾರಡೆ ಇದೇ ಭಾರತೀಯ ಉಕ್ಕಿನ ಗುಟ್ಟು ಹಿಡಿಯಲು ಹೊರಟ. ಜೇಮ್ಸ್ ಸ್ಟೊಡಾರ್ಟ್ ಜೊತೆಗೂಡಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಮುಂತಾದ ಲೋಹಗಳನ್ನು ಬೆರೆಸಿ ನೋಡಿ 1820ರಲ್ಲಿ ಫಲಿತಾಂಶ ಪ್ರಕಟಿಸಿದ. ಅಲ್ಯೂಮಿನಿಯಂ ಮತ್ತು ಸಿಲಿಕಾದ ಅಂಶವೇ ಈ ಉಕ್ಕಿನ ವೈಶಿಷ್ಟ್ಯಕ್ಕೆ ಕಾರಣವೆಂಬ ಆತನ ಊಹೆ ತಪ್ಪಾಗಿತ್ತು. ಆದರೆ ಮಿಶ್ರಲೋಹದ ಉಕ್ಕುಗಳ ವ್ಯವಸ್ಥಿತ ಅಧ್ಯಯನ ಆ ಪ್ರಯೋಗಗಳಿಂದಲೇ ಶುರುವಾಯಿತೆಂದು ಲೋಹವಿದ್ಯೆಯ ಚರಿತ್ರೆಕಾರರು ಗುರುತಿಸುತ್ತಾರೆ.

ಹೆಸರು ಉಳಿದದ್ದು, ಅಳಿದದ್ದು

ಮೈಸೂರಿನ ಸಮೀಕ್ಷೆ 1801ರ ಜುಲೈನಲ್ಲಿ ಮುಗಿಯಿತು. ಬುಕನನ್ 1802ರಲ್ಲಿ ನೇಪಾಳಕ್ಕೆ ಹೋದ. ಆಮೇಲೆ ವೆಲ್ಲೆಸ್ಲಿಯ ವೈದ್ಯನಾಗಿ ಬಾರಕ್‌ಪುರದ ಪ್ರಾಣಿಸಂಗ್ರಹಾಲಯ ನೋಡಿಕೊಂಡ. 1806ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. 1807ರಿಂದ 1814ರವರೆಗೆ ಏಳು ವರ್ಷ ಬಂಗಾಳ, ಬಿಹಾರದ ಜಿಲ್ಲೆಗಳನ್ನು ಸುತ್ತಿ ಮೈಸೂರಿನದಕ್ಕಿಂತಲೂ ದೊಡ್ಡ ಸಮೀಕ್ಷೆ ನಡೆಸಿದ. ವಿಲಿಯಂ ರಾಕ್ಸ್‌ಬರೋನ ನಂತರ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದರೂ ಆರೋಗ್ಯ ಕೈಕೊಟ್ಟಿತ್ತು. 1815ರಲ್ಲಿ ಊರಿಗೆ ಹೊರಟ.

ಹೊರಡುವಾಗ ದೊಡ್ಡ ಪೆಟ್ಟು ಬಿತ್ತು. ವರ್ಷಗಟ್ಟಲೆ ಕಲಾವಿದರಿಂದ ಬರೆಯಿಸಿದ್ದ ಗಿಡ, ಪ್ರಾಣಿಗಳ ಚಿತ್ರಗಳನ್ನು ಗವರ್ನರ್ ಜನರಲ್ ಮೋಯ್ರಾನ ಅಪ್ಪಣೆಯಂತೆ ಕಲ್ಕತ್ತೆಯಲ್ಲೇ ಇರಿಸಿಕೊಳ್ಳಲಾಯಿತು. ಸರ್ಕಾರದ ಖರ್ಚಿನಲ್ಲಿ ಆದದ್ದು ಸರ್ಕಾರದ ಸ್ವತ್ತು ಎಂಬ ವಾದ. ಬುಕನನ್ ಬರಿಗೈಯಲ್ಲಿ ಹಡಗು ಹತ್ತಿದ. ತಾಯಿಯ ಕಡೆಯ ಆಸ್ತಿ ಬಂದಾಗ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಸೇರಿಸಿಕೊಂಡ. 1819ರಲ್ಲಿ ನೇಪಾಳದ ಕುರಿತ ಪುಸ್ತಕ, 1822ರಲ್ಲಿ ಗಂಗಾನದಿಯ ಮೀನುಗಳ ಕುರಿತ ಗ್ರಂಥ ಹೊರಬಂದವು. ರಾಜ್ಯದ ಕೆರೆಗಳಲ್ಲಿ ಇಂದು ಸಾಕುವ ರೋಹು, ಕಾಟ್ಲಾ ಮೀನುಗಳ ಶಾಸ್ತ್ರೀಯ ಹೆಸರಿನ ಮುಂದೆ ಹ್ಯಾಮಿಲ್ಟನ್ ಎಂದಿರುವುದು ಈತನೇ. 1829ರ ಜೂನ್ 15ರಂದು ತನ್ನ 67ನೇ ವಯಸ್ಸಿನಲ್ಲಿ ಸ್ಕಾಟ್ಲೆಂಡಿನಲ್ಲೇ ನಿಧನ ಹೊಂದಿದ. ಬಂಗಾಳ-ಬಿಹಾರ ಸಮೀಕ್ಷೆಯ ಹಸ್ತಪ್ರತಿಗಳನ್ನು ಮಾಂಟ್‌ಗೊಮೆರಿ ಮಾರ್ಟಿನ್ ಎಂಬಾತ 1838ರಲ್ಲಿ ಸಂಗ್ರಹಿಸಿ ಅಚ್ಚು ಹಾಕಿಸಿದಾಗ ಮುಖಪುಟದಲ್ಲಿ ಬುಕನನ್‌ನ ಹೆಸರೇ ಇರಲಿಲ್ಲ.

ಈ ಅನ್ಯಾಯವನ್ನು ಸರಿಪಡಿಸಲು ಮುಂದಿನ ವಿದ್ವಾಂಸರಿದ್ದರು. ಮಧುಗಿರಿ ಸೀಮೆಯ ಉಕ್ಕಿನ ಕೆಲಸಗಾರರಿಗೆ ಆ ಭಾಗ್ಯವಿರಲಿಲ್ಲ. ಯಾವ ಕಮ್ಮಾರ ಯಾವ ದಿನ ಕುಲುಮೆಯ ಮುಂದೆ ಕುಳಿತು ಸಾಹೇಬನಿಗೆ ಮೂಸೆ ಒಡೆದು ತೋರಿಸಿದನೆಂಬುದು ನಮಗೆ ತಿಳಿದಿಲ್ಲ. ಕಬ್ಬಿಣದ ತೂಕ, ತಂಗಡಿ ಕಡ್ಡಿಯ ತೂಕ, ಕೂಲಿಯ ಲೆಕ್ಕ ಉಳಿದವು. ಜನರ ಹೆಸರು ಉಳಿಯಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಗ್ಗದ ಕಬ್ಬಿಣ ಹಡಗುಗಟ್ಟಲೆ ಬಂತು. ಕಾಡು ಕರಗಿ, ಉಳಿದ ಕಾಡಿನ ಮೇಲೆ ನಿರ್ಬಂಧ ಬಿದ್ದು ಇದ್ದಿಲು ದುಬಾರಿಯಾಯಿತು. ಕುಲುಮೆಗಳು ಒಂದೊಂದಾಗಿ ಆರಿದವು. ಲಂಡನ್ನಿನಲ್ಲಿ ಫ್ಯಾರಡೆ ಬೆಳ್ಳಿ, ಪ್ಲಾಟಿನಂ ಬೆರೆಸಿ ಹುಡುಕುತ್ತಿದ್ದ ವಿದ್ಯೆಗೆ ಅದು ಹುಟ್ಟಿದ ನೆಲದಲ್ಲಿಯೇ ಗಿರಾಕಿಗಳಿಲ್ಲದಾಯಿತು. ಮೈಸೂರು ಸಂಸ್ಥಾನ ಮತ್ತೆ ಇದ್ದಿಲಿನಿಂದ ಕಬ್ಬಿಣ ಇಳಿಸತೊಡಗಿದ್ದು 1923ರಲ್ಲಿ, ಭದ್ರಾವತಿಯ ಕಾರ್ಖಾನೆಯಲ್ಲಿ. ಅದು ಬೇರೆಯೇ ಬಗೆಯ, ಯಂತ್ರಗಳ ಕೆಲಸ.

ಇಂದಿಗೂ ಮಳೆ ಜೋರಾಗಿ ಬಂದರೆ ಬೆಟ್ಟದ ಬುಡದ ಹಳ್ಳಗಳಲ್ಲಿ ಕರಿಮರಳಿನ ಗೆರೆ ಮೂಡುತ್ತದೆ. ಬದುಗಳಲ್ಲಿ ತಂಗಡಿ ಹೂ ಬಿಡುತ್ತದೆ. ಅವೆರಡನ್ನೂ ಕೂಡಿಸಿ ಉಕ್ಕು ಮಾಡುವ ಕೈಗಳಿಲ್ಲ. ಆ ಕೈಗಳ ಗುರುತಾಗಿ ಲೋಹವಿದ್ಯೆಯ ಪುಸ್ತಕಗಳಲ್ಲಿ ಉಳಿದಿರುವುದು ಒಂದು ಶಬ್ದ ಮಾತ್ರ. ಮೂಸೆಯ ಉಕ್ಕನ್ನು ಜಗತ್ತಿನ ವಿಜ್ಞಾನಿಗಳು ಇಂದಿಗೂ ವೂಟ್ಜ್ ಎಂದು ಕರೆಯುತ್ತಾರೆ. ಅದು ಕನ್ನಡದ ಉಕ್ಕು ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ, ಬರವಣಿಗೆಯಲ್ಲಿ ಕೆಟ್ಟು ಆದ ರೂಪ ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ.